ಗೋಡೆಯ ಮೇಲಿನ ಒಂಬತ್ತು ಹೆಸರು

2023ರ ಬೇಸಿಗೆಯಲ್ಲಿ ನಮ್ಮ ಮಾವನವರು ತುಮಕೂರಿನಿಂದ ಬಂದಿದ್ದರು. ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಅವರನ್ನು ಮೊದಲು ಕರೆದುಕೊಂಡು ಹೋದದ್ದು ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ಗೆ.

ಅಮೆರಿಕದ ಸಂವಿಧಾನ ಹುಟ್ಟಿದ್ದು ಆ ಇಟ್ಟಿಗೆ ಕಟ್ಟಡದ ಒಂದು ಕೋಣೆಯಲ್ಲಿ. ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಎದುರಿಗೆ ವಾಷಿಂಗ್ಟನ್ ಕೂತಿದ್ದ ಕುರ್ಚಿ, ಅದರ ಒರಗಿನಲ್ಲಿ ಕೆತ್ತಿದ ಅರ್ಧ ಸೂರ್ಯ. 1787ರ ಮೇ ತಿಂಗಳಿಂದ ಸೆಪ್ಟೆಂಬರ್ 17ರವರೆಗೆ ಇಲ್ಲಿ ಗುಟ್ಟಾಗಿ ಚರ್ಚೆ ನಡೆಯಿತು. ರಾಜ್ಯಗಳಿಂದ ಬಂದ ಪ್ರತಿನಿಧಿಗಳು 55 ಜನ, ಸಹಿ ಹಾಕಿದವರು 39.

"ಸ್ವಾತಂತ್ರ್ಯ ಘೋಷಿಸಿದ್ದು 1776ರಲ್ಲಿ ತಾನೇ? ಈ ಸಂವಿಧಾನ ಬರೋವರೆಗೆ ಹೇಗಮ್ಮ ನಡೀತಿತ್ತು?" ಅಂದರು ಮಾವ. 13 ರಾಜ್ಯಗಳ ಸಡಿಲ ಒಕ್ಕೂಟವೊಂದಿತ್ತು, ಆದರೆ ಅದರ ಕಾಂಗ್ರೆಸ್‌ಗೆ, ಅಂದರೆ ಸಂಸತ್ತಿಗೆ, ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ, ದುಡ್ಡಿಗಾಗಿ ರಾಜ್ಯಗಳನ್ನು ಕೇಳಿಕೊಳ್ಳಬೇಕಿತ್ತು ಅಂದೆ. "ಮನೆ ಕಂದಾಯ ವಸೂಲಾಗದಿದ್ರೆ ನಮ್ಮಲ್ಲಿ ಬೀದಿ ದೀಪದ ಬಿಲ್ಲೇ ಕಟ್ಟೋಕಾಗ್ತಿರಲಿಲ್ಲ. ಇವರು ಯುದ್ಧದ ಸಾಲ ಹೇಗೆ ತೀರಿಸ್ತಾರೆ?" ಆ ಒಕ್ಕೂಟ ಯಾಕೆ ಸೋತಿತೆಂದು ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ಹೊಸ ಸಂವಿಧಾನದಲ್ಲಿ ಕಾಂಗ್ರೆಸ್ಸಿಗೆ ತೆರಿಗೆಯ ಅಧಿಕಾರ ಕೊಟ್ಟರು. ಆದರೆ ರಾಜನ ಕಾಟ ಕಂಡಿದ್ದವರು, ಅಧಿಕಾರವನ್ನು ಒಂದೇ ಕೈಗೆ ಒಪ್ಪಿಸಲಿಲ್ಲ. ಕಾನೂನು ಕಾಂಗ್ರೆಸ್ಸಿನದು, ಅದನ್ನು ತಡೆಯುವ ಹಕ್ಕು ಅಧ್ಯಕ್ಷರದು, ಆ ತಡೆಯನ್ನೂ ಮೂರನೇ ಎರಡರಷ್ಟು ಮತಗಳಿಂದ ಕಾಂಗ್ರೆಸ್ ಮೀರಬಹುದು. ಚಿಕ್ಕ ರಾಜ್ಯಗಳ ಭಯ ನೀಗಿಸಲು ಮೇಲ್ಮನೆಯಾದ ಸೆನೆಟ್‌ನಲ್ಲಿ ಎಲ್ಲ ರಾಜ್ಯಕ್ಕೂ ಎರಡೆರಡೇ ಸ್ಥಾನ. ಮಾವನಿಗೆ ಇದೆಲ್ಲ ಬಹಳ ಹಿಡಿಸಿತು.

ಇನ್ನೊಂದು ರಾಜಿಯನ್ನು ಹೇಳುವಾಗ ನನ್ನ ದನಿ ತಗ್ಗಿತು. ಕೆಳಮನೆಯ ಸ್ಥಾನ ಹಂಚಲು ಜನಸಂಖ್ಯೆ ಲೆಕ್ಕ ಹಾಕುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಿದರು. ಅವರಿಗೆ ಮತವಿಲ್ಲ, ಅವರ ತಲೆಯೆಣಿಕೆಯಿಂದ ಬಲ ಬಂದದ್ದು ಒಡೆಯರಿಗೆ. ‘ಗುಲಾಮ’ ಎಂಬ ಪದವನ್ನು ಮಾತ್ರ ಎಲ್ಲೂ ಬರೆಯಲಿಲ್ಲ, ‘ಇತರ ವ್ಯಕ್ತಿಗಳು’ ಎಂದರು. ‘ಜನರಾದ ನಾವು’ ಎಂದು ಶುರುವಾಗುವ ಅದೇ ಕಾಗದದಲ್ಲಿ.

ಅಲ್ಲಿಂದ ಒಂದು ಬ್ಲಾಕ್ ನಡೆದರೆ, ಅಧ್ಯಕ್ಷನಾಗಿದ್ದಾಗ ವಾಷಿಂಗ್ಟನ್ ವಾಸವಿದ್ದ ಮನೆಯ ಜಾಗ. ಅಲ್ಲಿ ದುಡಿದ ಒಂಬತ್ತು ಗುಲಾಮರ ಹೆಸರು ಗೋಡೆಯ ಮೇಲಿವೆ. ಆರು ತಿಂಗಳು ಇಲ್ಲಿ ನೆಲೆಸಿದ ಗುಲಾಮರು ಬಿಡುಗಡೆ ಕೇಳಲು ಪೆನ್ಸಿಲ್ವೇನಿಯಾದ ಕಾನೂನು ಅವಕಾಶ ಕೊಟ್ಟಿತ್ತು. ಅದಕ್ಕೇ ಅವಧಿ ಮುಗಿಯುವ ಮೊದಲೇ ಅವರನ್ನು ರಾಜ್ಯದಿಂದ ಹೊರಗೆ ಕಳಿಸಿ ಮತ್ತೆ ಕರೆಸುತ್ತಿದ್ದರು. ಆ ಒಂಬತ್ತರಲ್ಲಿ ಓನಿ ಜಡ್ಜ್ ಎಂಬಾಕೆ 1796ರಲ್ಲಿ, ಮನೆಯವರು ಊಟಕ್ಕೆ ಕೂತಿದ್ದಾಗ ಹೊರಟು, ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಸಂವಿಧಾನ ಜಾರಿಗೆ ಬರಲು ಬೇಕಿದ್ದ ಒಂಬತ್ತನೆಯ ರಾಜ್ಯದ ಒಪ್ಪಿಗೆ ಕೊಟ್ಟು ಅದನ್ನು ಗಟ್ಟಿ ಮಾಡಿದ್ದು ಅದೇ ರಾಜ್ಯ. ಓಡಿಹೋದವರನ್ನು ಒಡೆಯರಿಗೆ ಹಿಂದಿರುಗಿಸಬೇಕೆಂಬ ಸಾಲೂ ಆ ಸಂವಿಧಾನದಲ್ಲಿತ್ತು. ಆಕೆ ಸಿಕ್ಕಿಬೀಳಲಿಲ್ಲ, ಆದರೆ 1848ರಲ್ಲಿ ಸಾಯುವವರೆಗೂ ಕಾಗದದ ಮೇಲೆ ಗುಲಾಮಳೇ.

ಮಾವ ಕನ್ನಡಕ ಸರಿಮಾಡಿಕೊಂಡು ಒಂಬತ್ತು ಹೆಸರನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿದರು, ಹಾಜರಿ ಕರೆಯುವ ಹಾಗೆ.