ಅತ್ತೆ, ಶಾವಿಗೆ ಮತ್ತೆ ಭಾನುವಾರದ ಪಿಲಾಫ್

14 ಜುಲೈ 2024, ಭಾನುವಾರ
ಹಾಸನ

ಮಳೆ ಬಿಡೋ ಲಕ್ಷಣನೇ ಇಲ್ಲ. ಸಕಲೇಶಪುರದ ಕಡೆ ಇನ್ನೂ ಜೋರಂತೆ, ಮೈದುನ ಫೋನ್ ಮಾಡಿದ್ದ. ಮಗಳು ನಿನ್ನೆ ರಾತ್ರಿ ಬೆಂಗಳೂರಿಂದ ಬಂದವಳು ಬ್ಯಾಗ್ ಕೆಳಗಿಡೋಕ್ ಮುಂಚೆನೇ ಅಮ್ಮ ನಾಳೆ ಟರ್ಕಿ ಸ್ಟೈಲ್ ಪಿಲಾಫ್ ಮಾಡೋಣ, ಕೋಳಿ ಹಾಕಿ, ಅಂದ್ಲು. ನಮ್ಮನೇಲಿ ಭಾನುವಾರ ಅಂದ್ರೆ ನಾಟಿ ಕೋಳಿ ಸಾರು, ಮುದ್ದೆ. ಅದನ್ನ ಬದಲಾಯಿಸ್ಬೇಕು ಅಂದ್ರೆ ಅತ್ತೆ ಪರ್ಮಿಷನ್ ಆಗ್ಬೇಕು. ಅತ್ತೆ ಟಿವಿ ನೋಡ್ತಾನೇ "ಪಲಾವ್ ತಾನೆ, ಮಾಡ್ಕಳ್ಳಿ, ನಂಗೊಂದ್ ಮುದ್ದೆ ತಿರುವ್ಬುಡು" ಅಂದ್ರು. ಅಲ್ಲಿಗೆ ಪಾಸಾಯ್ತು.

ಆದ್ರೆ ಬೆಳಗ್ಗೆ ಅತ್ತೆ ಅಡುಗೆಮನೆಗ್ ಬಂದು ನೋಡಿದ್ರೆ ಕಟ್ಟೆ ಮೇಲೆ ಚಕ್ಕೆ ಇಲ್ಲ, ಲವಂಗ ಇಲ್ಲ, ಪುದೀನ ಕೊತ್ತಂಬರಿ ರುಬ್ಬಿಲ್ಲ, ಮಿಕ್ಸಿ ಜಾರು ಕವುಚಿ ಹಾಕಿದ್ದು ಹಂಗೇ ಇದೆ. ಅಕ್ಕಿ, ಬೆಣ್ಣೆ, ಉಪ್ಪು, ಒಂದು ಪ್ಯಾಕೆಟ್ ಶಾವಿಗೆ, ಕೋಳಿ. "ಮಸಾಲೆ ಎಲ್ಲವ್ವಾ?" ಅಂದ್ರು. ಇಲ್ಲ ಅತ್ತೆ, ಇದ್ಕೆ ಮಸಾಲೆ ಇಲ್ಲ ಅಂದೆ. ಅವರ ಮುಖ ನೋಡ್ಬೇಕಿತ್ತು. ಶಾವಿಗೆ ಪ್ಯಾಕೆಟ್ ಎತ್ತಿ ಹಿಂದೆ ಮುಂದೆ ತಿರುಗ್ಸಿ ನೋಡಿ "ಶಾವಿಗೆಗೆ ಕಾಯಾಲು ಬೆಲ್ಲ ಹಾಕ್ತಾರೆ, ಇಲ್ಲ ಒಗ್ಗರಣೆ ಹಾಕ್ತಾರೆ. ಅನ್ನುಕ್ಕೆ ಶಾವಿಗೆ ಹಾಕೋದ್ನ ಎಲ್ಲೂ ಕಾಣೆ ಕಣವ್ವ" ಅಂದ್ರು.

ನಾನೂ ಮೊದಲು ಹಂಗೇ ಅಂದ್ಕೊಂಡಿದ್ದೆ, ಪಿಲಾಫ್ ಅಂದ್ರೆ ನಮ್ ಪಲಾವಿನ ಖಾರ ಇಲ್ಲದ ತಮ್ಮ ಇರ್ಬೇಕು ಅಂತ. ಇವತ್ತು ಮಾಡಿ ತಿಂದ್ಮೇಲೆ ಅನ್ಸಿದ್ದೇ ಬೇರೆ. ಪಲಾವಲ್ಲಿ ನಾವು ನಿಜವಾಗ್ಲೂ ತಿನ್ನೋದು ಮಸಾಲೆನ, ಅಕ್ಕಿ ಅದನ್ನ ಹೊತ್ಕೊಂಡ್ ಬರುತ್ತೆ ಅಷ್ಟೆ. ಅಕ್ಕಿ ಸ್ವಲ್ಪ ಮೆತ್ತಗಾಯ್ತೋ ಅಂಟಿತೋ, ಮಸಾಲೆ ಚೆನ್ನಾಗಿದ್ರೆ ಯಾರೂ ಕೇಳಲ್ಲ. ಟರ್ಕಿಯವರ ಸಾದಾ ಪಿಲಾಫಲ್ಲಿ ಬಚ್ಚಿಟ್ಕೊಳ್ಳೋಕೆ ಜಾಗನೇ ಇಲ್ಲ. ಅಕ್ಕಿ ಹೆಂಗೆ ಬೆಂದಿದೆ ಅನ್ನೋದೇ ಪೂರ್ತಿ ಅಡುಗೆ. ಅದಕ್ಕೆ ನಮ್ಮನೇಲಿ ಸರಿಸಾಟಿ ಅಂತ ಯಾವ್ದಾದ್ರೂ ಇದ್ರೆ ಪಲಾವ್ ಅಲ್ಲ, ಅತ್ತೆ ಹಿಂದೆ ಗಂಜಿ ಬಸಿದು ಮಾಡ್ತಿದ್ರಲ್ಲ ಆ ಅನ್ನ, ಮೇಲೊಂದು ಚಮಚ ತುಪ್ಪ.

(ಮಸಾಲೆ ಹಾಕೋ ಪಿಲಾಫೂ ಅವರಲ್ಲಿ ಇದೆ, ಇಲ್ಲ ಅಂತಲ್ಲ. ಒಣದ್ರಾಕ್ಷಿ, ಪೈನ್ ಮರದ ಬೀಜ, ಚಕ್ಕೆ ಎಲ್ಲಾ ಹಾಕಿ ಮಾಡ್ತಾರೆ, ಕುರಿ ಕೋಳಿ ಹೊಟ್ಟೆಗೆ ತುಂಬೋಕೂ ಅದೇ. ನಾನು ಹೇಳ್ತಿರೋದು ದಿನಾ ಮಾಡೋ ಸಾದಾದ್ದು.)

ಮೊದಲ ಜಗಳ ಅಕ್ಕಿ ಮೇಲೆ. ಮಗಳು ಬಾಸ್ಮತಿ ತಂದಿದ್ಲು. ಟರ್ಕಿಯಲ್ಲಿ ಬಳಸೋದು ಬಾಲ್ಡೊ, ಓಸ್ಮಾನ್‌ಜಿಕ್ ಅಂತ ಸ್ವಲ್ಪ ದಪ್ಪ ಕಾಳಿನ ಅಕ್ಕಿ, ಬಾಸ್ಮತಿ ಥರ ಉದ್ದ ಅಲ್ಲ, ಹಂಗಾಗಿ ನಾನು ಮನೇಲಿದ್ದ ಸೋನಾ ಮಸೂರಿನೇ ಸಾಕು ಅಂದೆ. ಅತ್ತೆ ಡಬ್ಬಕ್ಕೆ ಕೈ ಹಾಕಿ ನಾಕು ಕಾಳು ಬಾಯಿಗ್ ಹಾಕ್ಕೊಂಡು ಕಡಿದು "ಹಳೇದೆ, ಉದ್ರುದ್ರಾಗಿ ಬತ್ತದೆ" ಅಂತ ಸರ್ಟಿಫಿಕೇಟ್ ಕೊಟ್ರು. ಹೊಸ ಅಕ್ಕಿ ಅಂಟುತ್ತೆ, ಒಂದು ವರ್ಷ ಇಟ್ಟ ಅಕ್ಕಿ ನೀರು ಜಾಸ್ತಿ ಕುಡಿದು ಬಿಡಿಬಿಡಿಯಾಗುತ್ತೆ, ಇದನ್ನ ಅವರಿಗೆ ಯಾರೂ ಹೇಳ್ಕೊಡ್ಬೇಕಿಲ್ಲ. ಅತ್ತೆ ತವರು ಹೊಳೆನರಸೀಪುರದ ಕಡೆ, ರಾಜಮುಡಿ ಬೆಳೆಯೋ ಸೀಮೆ. ಮೈಸೂರು ಅರಮನೆಗೆ ಹೋಗ್ತಿತ್ತು ನಮ್ಮಕ್ಕಿ ಅಂತ ಈಗಲೂ ಮಾತು ಮಾತಿಗೆ ಹೇಳ್ತಾರೆ. ಆ ಕೆಂಪಕ್ಕಿಲೇ ಮಾಡೋಣ ಅಂತ ಅವರ ಆಸೆ, ಆದ್ರೆ ತೌಡು ಪೂರ್ತಿ ತೆಗೀದೆ ಇರೋ ರಾಜಮುಡಿ ಬೇಯೋಕೆ ಟೈಮೂ ಜಾಸ್ತಿ, ನೀರೂ ಜಾಸ್ತಿ. ಇನ್ನೊಂದ್ ಸಲ ಅಂದೆ.

ಎರಡನೇದು ತೊಳೆಯೋದು. ಟರ್ಕಿ ಕ್ರಮದಲ್ಲಿ ಅಕ್ಕಿನ ಉಪ್ಪು ಹಾಕಿದ ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ನೀರು ತಿಳಿಯಾಗೋವರೆಗೂ ತೊಳೀತಾರೆ. ಮೇಲಿರೋ ಹಿಟ್ಟೆಲ್ಲಾ ಹೋಗ್ಬೇಕು, ಅದು ಉಳಿದ್ರೆ ಬೇಯುವಾಗ ಅಂಟಾಗಿ ಕಾಳಿಗೆ ಕಾಳು ಹಿಡ್ಕೊಳ್ಳುತ್ತೆ. ಈ ಕೆಲಸ ಅತ್ತೆಗೇ ಬಿಟ್ಟೆ. ಅವರು ಅಕ್ಕಿ ತೊಳೆಯೋದೇ ನೋಡೋಕ್ ಚೆಂದ, ಉಜ್ಜಲ್ಲ, ಅಂಗೈಲಿ ಮೆತ್ತಗೆ ತಿರುಗ್ಸಿ ಬಗ್ಗಿಸ್ತಾರೆ, ಒಂದು ಕಾಳೂ ಮುರಿಯಲ್ಲ, ಒಂದು ಕಾಳೂ ಸಿಂಕಿಗೆ ಬೀಳಲ್ಲ. ಮೊದಲ ನೀರು ಮಾತ್ರ ಬಕೆಟ್ಟಿಗೆ. ಈಗ ಮನೇಲಿ ಹಸು ಇಲ್ಲ, ಆದ್ರೂ ಕಲಗಚ್ಚು ಚೆಲ್ಲಕ್ಕೆ ಮನಸ್ಸು ಬರಲ್ಲ ಅವರಿಗೆ, ಕರಿಬೇವಿನ ಗಿಡಕ್ಕೆ ಹಾಕ್ತಾರೆ. ನೆಂದ ಅಕ್ಕಿನ ಜರಡಿಗೆ ಹಾಕಿ ನೀರೆಲ್ಲ ಸೋರೋಕೆ ಬಿಟ್ಟಿದ್ದಾಯ್ತು, ಒದ್ದೆ ಅಕ್ಕಿ ಹಾಕಿದ್ರೆ ಹುರಿಯೋ ಬದಲು ಅಲ್ಲೇ ಬೇಯೋಕ್ ಶುರುವಾಗುತ್ತೆ.

ಕೋಳಿನ ಒಂದು ಈರುಳ್ಳಿ, ಆರೇಳು ಮೆಣಸಿನ ಕಾಳು, ಉಪ್ಪು ಹಾಕಿ ಬೇಯ್ಸಿ ನೀರು ಸೋಸಿ ಇಟ್ಕೊಂಡಿದ್ದೆ. ಅರಿಶಿನ ಇಲ್ಲ ಅಂತ ಅತ್ತೆ ಇನ್ನೊಂದ್ ಸಲ ಬೇಜಾರ್ ಮಾಡ್ಕೊಂಡ್ರು.

ಮಗಳು ಆಲಿವ್ ಎಣ್ಣೆ ಬಾಟ್ಲಿ ಹಿಡ್ಕೊಂಡ್ ನಿಂತಿದ್ಲು, ಮೆಡಿಟರೇನಿಯನ್ ಅಂದ್ಮೇಲೆ ಆಲಿವ್ ಎಣ್ಣೆ ಬೇಡ್ವಾ ಅಂತ. ಆರಿದ ಮೇಲೆ ತಿನ್ನೋ ತರಕಾರಿಗೆ, ದ್ರಾಕ್ಷಿ ಎಲೆಗೆ ಸುತ್ತೋ ಅನ್ನಕ್ಕೆ ಅವರು ಆಲಿವ್ ಎಣ್ಣೆ ಹಾಕ್ತಾರೆ, ಗ್ರೀಸಲ್ಲಿ ಪಾಲಕ್ ಜೊತೆ ಬೇಯ್ಸೋ ಅನ್ನಕ್ಕೂ ಅದೇ, ಆದ್ರೆ ಬಿಸಿಬಿಸಿ ಸಾದಾ ಪಿಲಾಫಿಗೆ ಬೆಣ್ಣೆ, ಹಳೇ ಕ್ರಮದಲ್ಲಿ ಕಾಯಿಸಿದ ಬೆಣ್ಣೆ, ಅಂದ್ರೆ ನಮ್ಮ ತುಪ್ಪದ ಥರದ್ದೇ. ಬೆಣ್ಣೆ ಅಂದಿದ್ದೇ ತಡ ಅತ್ತೆ ಫ್ರಿಜ್ಜಿಂದ ಮನೆ ಬೆಣ್ಣೆ ತೆಗೆದಿಟ್ರು. ಆಲಿವ್ ಬಾಟ್ಲಿ ಶೆಲ್ಫಿಗೆ ವಾಪಸ್.

ಲೆಕ್ಕ ಪಾವಲ್ಲೇ ಹಾಕ್ದೆ. ಎರಡು ಪಾವು ಅಕ್ಕಿಗೆ ಮೂರು ಪಾವು ಕೋಳಿ ನೀರು, ನೆನೆಸಿದ ಅಕ್ಕಿ ಆದ್ರಿಂದ ಅಷ್ಟು ಸಾಕು, ನೆನೆಸದೆ ಮಾಡೋದಾದ್ರೆ ಇನ್ನರ್ಧ ಪಾವು ಬೇಕಾಗುತ್ತೆ. (ನಮ್ಮಮ್ಮ ಮೂಡಿಗೆರೆ ಕಡೆಯವರು, ಪಾವು ಗೀವು ಇಲ್ಲ, ಅಕ್ಕಿ ಮೇಲೆ ಬೆರಳಿಟ್ಟು ಒಂದು ಗೆಣ್ಣು ನೀರು, ಮುಗೀತು. ಪಾತ್ರೆ ದೊಡ್ಡದಾದ್ರೂ ಚಿಕ್ಕದಾದ್ರೂ ಅವರ ಅನ್ನ ಸರಿಯಾಗೇ ಬರೋದು.) ದಪ್ಪ ತಳದ ಪಾತ್ರೆಗೆ ಬೆಣ್ಣೆ, ಒಂದು ಚಮಚ ಎಣ್ಣೆ, ಅದಕ್ಕೆ ಒಂದು ಹಿಡಿ ಶಾವಿಗೆ ಮುರಿದು ಹಾಕಿ ಹುರಿಯೋದು. ಲೆಬನಾನ್, ಸಿರಿಯಾ, ಈಜಿಪ್ಟ್ ಕಡೆ ಹಿಂಗೆ ಶಾವಿಗೆನೇ ಹಾಕ್ತಾರೆ, ಟರ್ಕಿಯಲ್ಲಿ ಬಾರ್ಲಿ ಕಾಳಿನ ಆಕಾರದ ಪುಟ್ಟ ಪಾಸ್ತಾನೂ ಹಾಕ್ತಾರೆ, ಅದು ಹಾಸನದಲ್ಲಿ ಎಲ್ಲಿ ಹುಡುಕೋದು. ಪಾಯಸಕ್ಕೆ ಹುರಿಯೋ ಹಂಗೆ ಹೊಂಬಣ್ಣ ಬಂದ ಕೂಡ್ಲೇ ನಿಲ್ಲಿಸ್ಬಾರ್ದು, ಇನ್ನೊಂಚೂರು ಮುಂದೆ ಹೋಗಿ ಕಂದು ಆಗ್ಬೇಕು, ಬಿಳೀ ಅನ್ನದ ಮಧ್ಯ ಕಾಣೋದೂ ಅದೇ, ಘಮ ಕೊಡೋದೂ ಅದೇ. ಆ ವಾಸನೆಗೆ ನಮ್ಮೆಜಮಾನ್ರು ಪೇಪರ್ ಬಿಟ್ಟು ಎದ್ ಬಂದ್ರು.

ಆಮೇಲೆ ಅಕ್ಕಿ ಹಾಕಿ ನಾಕೈದು ನಿಮಿಷ, ಕಾಳಿನ ಅಂಚು ಗಾಜಿನ ಥರ ತಿಳಿಯಾಗೋವರೆಗೂ ಮೆತ್ತಗೆ ತಿರುವೋದು. ಬೆಣ್ಣೆ ಪ್ರತೀ ಕಾಳಿಗೂ ಹಿಡ್ಕೊಂಡ್ರೆ ಒಂದಕ್ಕೊಂದು ಅಂಟಲ್ಲ. ಕೋಳಿ ನೀರು ಕುದೀತಿರ್ಬೇಕು, ತಣ್ಣಗಿರೋದನ್ನ ಹಾಕ್ಬಾರ್ದು. ಒಂದೆರಡು ನಿಮಿಷ ಜೋರು ಉರಿ, ಆಮೇಲೆ ಸಣ್ಣ ಉರಿ, ಮುಚ್ಚಳ. ಟರ್ಕಿ ಅಡುಗೆಯವ್ರು ಹನ್ನೆರಡು ನಿಮಿಷ ಅಂತಾರೆ, ನಮಗೆ ಇನ್ನೊಂದೆರಡು ನಿಮಿಷ ಬೇಕಾಯ್ತು. ಹಾಸನ ಸಮುದ್ರ ಮಟ್ಟದಿಂದ ಸುಮಾರು 970 ಮೀಟರ್ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ರಾನೇ ಕುದ್ದುಬಿಡುತ್ತೆ, ಟರ್ಕಿಯ ಇಸ್ತಾನ್‌ಬುಲ್ ಸಮುದ್ರದ ಪಕ್ಕ ಇರೋ ಊರು, ಅಲ್ಲಿ ನೂರು ಡಿಗ್ರಿ ಹತ್ರ ಕುದಿಯುತ್ತೆ, ಅದಕ್ಕೇ ಅಲ್ಲಿ ಬೇಗ ಬೇಯುತ್ತೆ. ಕುಕ್ಕರಲ್ಲಿ ಮಾಡೋವಾಗ ಇದೆಲ್ಲ ಗೊತ್ತೇ ಆಗಲ್ಲ.

ಮೇಲೆ ಸಣ್ಣ ಸಣ್ಣ ತೂತು ಬಿದ್ದು ನೀರು ಇಂಗಿದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆದು, ಒಂದು ಒಣಗಿದ ಬಟ್ಟೆ ಹಾಸಿ ಮತ್ತೆ ಮುಚ್ಚಿ ಕಾಲು ಗಂಟೆ ಮುಟ್ಟಬಾರ್ದು. ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕದೆ ಇರ್ಲಿ ಅಂತ ಬಟ್ಟೆ. ಇದನ್ನ ನೋಡಿದ್ದೇ ಅತ್ತೆ ಎದ್ದು ನಿಂತ್ರು. ಅವರ ತವರಲ್ಲಿ ಸೌದೆ ಒಲೆ, ಅನ್ನ ಮುಕ್ಕಾಲು ಬೆಂದ್ಮೇಲೆ ಗಂಜಿ ಬಸಿದು, ಪಾತ್ರೆನ ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ನಾಕು ಕೆಂಡ ಹಾಕಿ ಬಿಟ್ಬಿಡ್ತಿದ್ರಂತೆ. ಗಂಜಿಗೆ ಉಪ್ಪು ಮಜ್ಜಿಗೆ ಹಾಕಿ ಮಕ್ಕಳಿಗೆ, ಮಿಕ್ಕಿದ್ದು ಸೀರೆಗೆ. ತಳ ಹಿಡಿದು ಗರಿಗರಿ ಆಗಿರೋ ಅನ್ನಕ್ಕೆ ಅಣ್ಣ ತಮ್ಮಂದಿರ ಜೊತೆ ಕಿತ್ತಾಟ. ನಾನಂದೆ ಅತ್ತೆ, ಇರಾನಲ್ಲಿ ಇವತ್ತಿಗೂ ಹಿಂಗೇ ಮಾಡ್ತಾರೆ, ಅಕ್ಕಿ ಅರ್ಧಂಬರ್ಧ ಬೇಯ್ಸಿ ಬಸಿದು, ಮುಚ್ಚಳಕ್ಕೆ ಬಟ್ಟೆ ಸುತ್ತಿ ಹಬೇಲಿಟ್ಟು, ತಳದ ಗರಿಗರಿ ಅನ್ನನ ಬೇಕಂತಲೇ ಮಾಡಿ ನೆಂಟರ ಮುಂದೆ ಇಡ್ತಾರೆ, ಅದೇ ಅಲ್ಲಿ ದೊಡ್ಡ ಮರ್ಯಾದೆ. ಅತ್ತೆ ನಂಬಲಿಲ್ಲ. "ತಳ ಹತ್ತಿದ್ ಅನ್ನನ ನೆಂಟ್ರುಗಾ?" ಮಗಳು ಮೊಬೈಲಲ್ಲಿ ಫೋಟೋ ತೋರಿಸಿದ್ಮೇಲೆ ತುಂಬಾ ಹೊತ್ತು ನೋಡಿದ್ರು, ಆಮೇಲೆ ಸಾಸಿವೆ ಡಬ್ಬ ಎಲ್ಲಿಟ್ಟಿದ್ದೀಯ ಅಂದ್ರು.

ಬಡಿಸೋವಾಗ ಕೋಳಿ ಬಿಡಿಸಿ ಮೇಲೆ ಹಾಕ್ದೆ, ಜೊತೆಗೆ ಬೇಯ್ಸಿದ ಕಾಬೂಲ್ ಕಡಲೆ. ಇಸ್ತಾನ್‌ಬುಲ್ ಬೀದಿಗಳಲ್ಲಿ ಗಾಜಿನ ಗಾಡೀಲಿ ಹಿಂಗೇ ಮಾರ್ತಾರೆ, ಕಡಲೆ ಪಿಲಾಫ್ ಮೇಲೆ ಕೋಳಿ. 15ನೇ ಶತಮಾನದಲ್ಲಿ ಅಲ್ಲಿ ಆಳ್ತಿದ್ದ ಆಟೊಮನ್ ಸುಲ್ತಾನ್ ಎರಡನೇ ಮೆಹಮತ್‌ನ ಮುಖ್ಯ ವಜೀರ ಮಹಮೂದ್ ಪಾಷಾ ಅಂತ ಇದ್ದ, ಅವನು ಊಟಕ್ಕೆ ಕರೆದಾಗ ಪಿಲಾಫ್ ಒಳಗೆ ಚಿನ್ನದಲ್ಲಿ ಮಾಡಿದ ಕಡಲೆ ಕಾಳು ಬೆರೆಸಿರ್ತಿದ್ದ, ಸಿಕ್ಕಿದವರಿಗೆ ಸಿಕ್ಕಿದ್ದು ಅಂತ ಕಥೆ ಇದೆ. ಇದನ್ನ ಹೇಳ್ತಾ ಬಡಿಸಿದ್ರೆ ಎಲ್ರೂ ತಟ್ಟೆ ಕೆದಕೋಕ್ ಶುರು ಮಾಡಿದ್ರು. ಸುಲ್ತಾನನ ಸೈನಿಕರಾದ ಜಾನಿಸರಿಗಳ ವಿಷಯನೂ ಬಂತು, ಅವರಿಗೆ ಕೋಪ ಬಂದ್ರೆ ಅಡುಗೆ ಕೊಪ್ಪರಿಗೆನ ಕವುಚಿ ಹಾಕೋದು, ಅದೇ ದಂಗೆ ಎದ್ದಿದ್ದೀವಿ ಅನ್ನೋ ಗುರುತು, 1826ರಲ್ಲಿ ಆ ಪಡೆನೇ ರದ್ದಾಯ್ತು. ನಮ್ಮೆಜಮಾನ್ರು "ನಾನೂ ಕವುಚ್ತೀನಿ ಈಗ, ಪಕ್ಕಕ್ಕೆ ಸಾರಿಲ್ವಲ್ಲ" ಅಂದ್ರು.

ಸಾರಿಲ್ಲದೆ ಅನ್ನ ಇಳಿಯಲ್ಲ ನಮ್ಮನೇ ಗಂಡಸರಿಗೆ. ಟರ್ಕಿಯವರೂ ಬರೀ ಪಿಲಾಫ್ ತಿನ್ನಲ್ಲ ಪಾಪ, ಟೊಮೇಟೊ ಹಾಕಿ ಬೇಯ್ಸಿದ ಬಿಳೀ ಬೀನ್ಸ್ ಕಾಳಿನ ಜೊತೆ ತಿನ್ನೋದು ಅವರ ಮನೆಮನೆ ಊಟ. ನಿನ್ನೆ ಮಾಡಿದ ಹುರುಳಿಕಾಳು ಬಸ್ಸಾರು ಮಿಕ್ಕಿತ್ತು, ಬಿಸಿ ಮಾಡಿ ಹಾಕ್ಕೊಂಡೇ ಬಿಟ್ರು. ಮಗಳು ಅಯ್ಯೋ ಅಪ್ಪಾ ಅಂತ ಕಿರುಚಿದ್ಲು. ನನಗೇನೋ ತಪ್ಪು ಕಾಣ್ಲಿಲ್ಲ, ಬೆಣ್ಣೆ ಅನ್ನಕ್ಕೆ ಕಾಳಿನ ಸಾರು, ಅಲ್ಲೂ ಅದೇ ಇಲ್ಲೂ ಅದೇ. ನಾನು ಮಾತ್ರ ಸೌತೆಕಾಯಿ ತುರಿದು ಬೆಳ್ಳುಳ್ಳಿ, ಒಣಗಿಸಿದ ಪುದೀನ ಹಾಕಿ ಕಲೆಸಿದ ಮೊಸರಲ್ಲಿ ತಿಂದೆ, ಅದು ಟರ್ಕಿಯಲ್ಲಿ ಗ್ರೀಸಲ್ಲಿ ಎರಡೂ ಕಡೆ ಇದೆ. ನಮ್ ಮೊಸರು ಬಜ್ಜಿಗೆ ಒಗ್ಗರಣೆ ಮರೆತರೆ ಹೆಚ್ಚುಕಮ್ಮಿ ಅದೇ.

ಅತ್ತೆ ಮುದ್ದೆ ಮುಗಿಸಿ ಕೊನೇಲಿ ಎರಡು ತುತ್ತು ಹಾಕ್ಸ್ಕೊಂಡ್ರು. ಒಂದು ಕಾಳು ಬೆರಳಲ್ಲಿ ಹಿಸುಕಿ ನೋಡಿ, "ಅನ್ನ ಚೆನ್ನಾಗ್ ಬಂದದೆ. ಶಾವಿಗೆನೂ ಪರ್ವಾಗಿಲ್ಲ" ಅಂದ್ರು. ಅತ್ತೆ ಬಾಯಲ್ಲಿ ಪರ್ವಾಗಿಲ್ಲ ಅಂದ್ರೆ ಅದು ದೊಡ್ಡ ಮಾತು, ನನ್ ಪಲಾವಿಗೆ ಇಷ್ಟು ವರ್ಷದಲ್ಲಿ ಅದೂ ಬಂದಿಲ್ಲ.

ಸಂಜೆ ಮಗಳು ಬಸ್ಸಿಗೆ ಹೊರಡೋ ಮುಂಚೆ ಮುಂದಿನ ಸಲಕ್ಕೆ ಅಕ್ಕಿ, ಇಡೀ ಮಸೂರ್ ಕಾಳು ಸೇರಿಸಿ ಬೇಯ್ಸಿ, ಮೇಲೆ ಈರುಳ್ಳಿನ ಕಪ್ಪಗೆ ಹುರಿದು ಸುರಿಯೋ ಮುಜದ್ದರ ಮಾಡೋಣ ಅಂತ ತೀರ್ಮಾನ ಆಯ್ತು, 1226ರಲ್ಲಿ ಬಾಗ್ದಾದಿನವನೊಬ್ಬ ಬರೆದ ಅಡುಗೆ ಪುಸ್ತಕದಲ್ಲೇ ಅದು ಇದೆ. ಅತ್ತೆ ಒಂದೇ ಕಂಡೀಷನ್ ಹಾಕಿದ್ರು. ಅಕ್ಕಿ ರಾಜಮುಡಿನೇ ಆಗ್ಬೇಕು, ತವರಿಂದ ತರಿಸ್ತಾರಂತೆ, ನೀರಿನ ಲೆಕ್ಕನೂ ಅವರೇ ಹೇಳ್ತಾರಂತೆ, ನಾನು ಮೊಬೈಲ್ ನೋಡ್ಬಾರ್ದಂತೆ. ಈರುಳ್ಳಿ ಹೆಚ್ಚೋ ಕೆಲಸ ಎಜಮಾನ್ರಿಗೆ ಅಂತ ನಾನು ಹೇಳಿದ್ದಕ್ಕೆ ಅವರು ಈಗ್ಲಿಂದಲೇ ಆವತ್ತು ಅರಸೀಕೆರೇಲಿ ಏನೋ ಕೆಲಸ ಇದೆ ಅಂತಿದ್ದಾರೆ.