ಮುರಾನುಫ್: ಅವಶೇಷಗಳ ಮೇಲೆ ಕಟ್ಟಿದ ಬಡಾವಣೆಯಲ್ಲಿ ಒಂದು ನಡಿಗೆ

ವಾರ್ಸಾದ ಮುರಾನುಫ್‌ಗೆ ಬಂದ ಹೆಚ್ಚಿನವರು ಘೆಟ್ಟೊ ವೀರರ ಸ್ಮಾರಕ ಮತ್ತು ಎದುರಿನ, ಯಹೂದಿ ಇತಿಹಾಸದ ಪೋಲಿನ್ ಮ್ಯೂಸಿಯಂ ನೋಡಿ ಹೊರಟುಬಿಡುತ್ತಾರೆ. ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊದಲ್ಲಿ 1943ರಲ್ಲಿ ನಾಜಿಗಳ ವಿರುದ್ಧ ಎದ್ದ ದಂಗೆಯ ಬೇರು ಇರುವುದು ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ, ಜೆಲ್ನಾ ರಸ್ತೆಯಲ್ಲಿ. ರಾತುಷ್ ಆರ್ಸೆನಾಲ್ ಮೆಟ್ರೊದಲ್ಲಿ ಇಳಿದು, ಪಾವ್ಯಾಕ್ ಜೈಲು ಮ್ಯೂಸಿಯಂ ಗುರುತು ಹಿಡಿದು ಮೊದಲು ಅಲ್ಲಿಗೇ ನಡೆದೆವು.

34ನೇ ನಂಬರಿನ ಮನೆ ಈಗಿಲ್ಲ. ಘೆಟ್ಟೊ ಕಾಲದಲ್ಲಿ ಡ್ರೋರ್ ಎಂಬ ಯಹೂದಿ ಯುವ ಸಂಘಟನೆಯ ಹುಡುಗ ಹುಡುಗಿಯರು ಅಲ್ಲಿ ಒಟ್ಟಿಗೆ ಬದುಕುತ್ತಿದ್ದರು, ಗುಟ್ಟಾಗಿ ಪ್ರೌಢಶಾಲೆ ನಡೆಸುತ್ತಿದ್ದರು. 1939ರಲ್ಲಿ ಜರ್ಮನಿ ದಾಳಿ ಮಾಡಿದಾಗ ಯಹೂದಿ ಪಕ್ಷಗಳ ಹಿರಿಯ ರಾಜಕಾರಣಿಗಳು ಊರು ಬಿಟ್ಟಿದ್ದರು. ಜಿವಿಯಾ ಲುಬೆಟ್ಕಿನ್, ಮುಂದೆ ದಂಗೆಯ ನಾಯಕನಾದ ಮೊರ್ದೆಖಾಯ್ ಅನಿಯೆಲೆವಿಚ್‌ರಂಥ ಯುವ ಮುಖಂಡರು ಪೂರ್ವಕ್ಕೆ ಹೋದರೂ ಹಿಂದಿರುಗಿದರು. ಊರೂರಿನ ಘೆಟ್ಟೊಗಳ ಸುದ್ದಿ ಸಾಗಿಸಿದ್ದು ಬಹುಪಾಲು ಹುಡುಗಿಯರು. ಕಾರಣ ಸರಳ: ಸುನ್ನತಿಯ ಗುರುತಿನಿಂದ ಸಿಕ್ಕಿಬೀಳುವ ಭಯ ಅವರಿಗಿರಲಿಲ್ಲ, ಪೋಲಿಷ್ ಶಾಲೆಯಲ್ಲಿ ಓದಿದವರ ಮಾತೂ ಸಲೀಸು. ವಿಲ್ನಾದ ಪೊನಾರಿ ಕಾಡಿನ ಹತ್ಯಾಕಾಂಡದ ಸುದ್ದಿ ಬಂದಾಗ ಹಿರಿಯರಲ್ಲಿ ಹಲವರು ನಂಬಲಿಲ್ಲ.

1942ರ ಜುಲೈ 22ರಿಂದ ಎರಡು ತಿಂಗಳಲ್ಲಿ ಸುಮಾರು 2.65 ಲಕ್ಷ ಜನರನ್ನು ಟ್ರೆಬ್ಲಿಂಕಾ ಹತ್ಯಾ ಶಿಬಿರಕ್ಕೆ ಸಾಗಿಸಿದರು. ಜುಲೈ 28ರಂದು ಹಶೋಮೆರ್ ಹತ್ಸಾಯಿರ್, ಡ್ರೋರ್, ಅಕಿವಾ ಎಂಬ ಯುವ ಸಂಘಟನೆಗಳು ಸೇರಿ ಯಹೂದಿ ಹೋರಾಟ ಸಂಘಟನೆ ಕಟ್ಟಿದವು. ಯಹೂದಿ ಸಮಾಜವಾದಿ ಬಂಡ್ ಪಕ್ಷ ಆಮೇಲೆ ಬಂತು. ಸೆಪ್ಟೆಂಬರ್‌ನಲ್ಲಿ ಸಂಘಟನೆಯ ಮುಖಂಡ ಯೋಸೆಫ್ ಕಪ್ಲಾನ್ ಸೆರೆಯಾದ ದಿನವೇ ಕೂಡಿಟ್ಟ ಅಲ್ಪಸ್ವಲ್ಪ ಆಯುಧವೂ ನಾಜಿಗಳ ಪಾಲಾಯಿತು. ದಂಗೆ ಶುರುವಾದ 1943ರ ಏಪ್ರಿಲ್ 19ಕ್ಕೆ 22 ತಂಡಗಳು ಸಜ್ಜಾಗಿದ್ದವು. ಕೈಯಲ್ಲಿದ್ದದ್ದು ಹೆಚ್ಚಾಗಿ ಪಿಸ್ತೂಲು, ಮನೆಯಲ್ಲೇ ಮಾಡಿದ ಗ್ರೆನೇಡು, ಪೆಟ್ರೋಲ್ ಬಾಟಲಿ. ದೂರದ ಗುರಿಗೆ ಪಿಸ್ತೂಲು ಯಾವ ಲೆಕ್ಕಕ್ಕೂ ಇಲ್ಲ. ಬಲಪಂಥೀಯ ಯುವ ಸಂಘಟನೆ ಬೆಟಾರ್‌ನವರು ಮುರಾನೊವ್ಸ್ಕಿ ಚೌಕದಲ್ಲಿ ಬೇರೆಯೇ ಪಡೆ ಕಟ್ಟಿ ಕಾದಾಡಿದರು. ಅವರನ್ನು ನೆನೆಯುವವರು ಕಡಿಮೆ, ಅದು ಅನ್ಯಾಯವೇ.

ಉತ್ತರಕ್ಕೆ ನಡೆಯುವಾಗ ಮನೆಗಳ ಬುಡ ನೋಡಿ. ರಸ್ತೆಯಿಂದ ಮೆಟ್ಟಿಲು ಹತ್ತಿಯೇ ಅಂಗಳ ಸೇರಬೇಕು. ಯುದ್ಧಾನಂತರ ಅವಶೇಷ ಪೂರ್ತಿ ತೆರವು ಮಾಡಲಾಗದೆ ಅದರ ಮೇಲೆಯೇ ಕಟ್ಟಿದ ಬಡಾವಣೆ ಇದು.

ಹೋರಾಟಗಾರರು ಅಡಗಿದ್ದ ಮಿಲಾ ರಸ್ತೆ 18 ಅನ್ನು ಮನೆ ನಂಬರಿನಿಂದ ಹುಡುಕಬೇಡಿ. ಯುದ್ಧದ ನಂತರ ನಂಬರುಗಳು ಬದಲಾಗಿವೆ. ದೂಬ್ವಾ ರಸ್ತೆಯ ಮೂಲೆಯಲ್ಲಿ ಹುಲ್ಲಿನ ದಿಬ್ಬವಿದೆ. ಕಳ್ಳಸಾಗಣೆದಾರರು ತೋಡಿಸಿದ್ದ ಅಡಗುದಾಣ ಅದು. ಮೇ 8ರಂದು ಅನಿಯೆಲೆವಿಚ್ ಸತ್ತದ್ದು ಅಲ್ಲೇ. ಶವಗಳನ್ನು ಹೊರತೆಗೆಯಲಿಲ್ಲ, ಹಾಗಾಗಿ ದಿಬ್ಬವೇ ಸಮಾಧಿ. 2006ರಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ 51 ಹೆಸರುಗಳಿವೆ. ರೈಲಿಗೆ ಹತ್ತಿಸುತ್ತಿದ್ದ ಜಾಗದ ಸ್ಮಾರಕ ಇರುವ ಸ್ತಾವ್ಕಿ ರಸ್ತೆ ಇಲ್ಲಿಂದ ಹತ್ತಿರ.

ಪ್ರೊಸ್ತಾ ರಸ್ತೆ 51 ಮಾತ್ರ ದೂರ. ರೊಂಡೊ ಒಎನ್‌ಜೆಡ್ ಮೆಟ್ರೊದಲ್ಲಿ ಇಳಿಯಬೇಕು. ಮೇ 10ರಂದು ಸುಮಾರು 40 ಹೋರಾಟಗಾರರು ಒಳಚರಂಡಿಯಿಂದ ಮೇಲೆ ಬಂದದ್ದು ಇಲ್ಲಿ, ಹಾಡಹಗಲಲ್ಲಿ. ಹೆಚ್ಚು ಹೊತ್ತು ಕಾದರೆ ಎಲ್ಲರೂ ಸಿಕ್ಕಿಬೀಳುವಂತಿತ್ತು. ಒಳಗೆ ಇನ್ನೂ ಕೆಲವರಿದ್ದಂತೆಯೇ ಅವರನ್ನು ಕರೆದೊಯ್ಯಲು ಬಂದಿದ್ದ ಲಾರಿ ಹೊರಟಿತು.

ಹೋಗುವ ದಿನ ನೋಡಿಕೊಂಡು ಆರಿಸಿ: ಪೋಲಿನ್‌ಗೆ ಮಂಗಳವಾರ ರಜೆ, ದಂಗೆಯಲ್ಲಿ ಬದುಕುಳಿದ ನಾಯಕ ಮಾರೆಕ್ ಎಡೆಲ್‌ಮನ್ ಸಮಾಧಿ ಇರುವ ಒಕೊಪೊವಾ ರಸ್ತೆಯ ಯಹೂದಿ ಸ್ಮಶಾನ ಶನಿವಾರ ಮುಚ್ಚಿರುತ್ತದೆ.