ಮಳೆಗಾಲಕ್ಕೆ ಟಚ್ ಫೋನ್

ಗುಂಡಿ ಫೋನ್ ಬಿಟ್ಟು ಟಚ್ ಫೋನ್ ತಗೊಂಡೆ. ಅದೂ ಆಷಾಢದ ಮಳೆಯಲ್ಲಿ!

ಇವತ್ತು ತೀರ್ಥಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಅಪ್ಪಯ್ಯನ ಫೋನ್ ಬಂತು. ಒಂದು ಕೈಲಿ ಕೊಡೆ, ಇನ್ನೊಂದು ಕೈ ಪೂರ್ತಿ ಒದ್ದೆ. ಹಸಿರು ಗುರುತನ್ನು ಎಷ್ಟು ಎಳೆದರೂ ಅಲ್ಲಾಡಲಿಲ್ಲ. ಮೇಲೆ ಎರಡು ಹನಿ ಬಿದ್ದದ್ದೇ ತಡ, ತಾನಾಗೇ ಕಟ್ ಆಯ್ತು. ಬೆರಳು ತಾಗಿದಾಗ ವಿದ್ಯುತ್ತಿನಲ್ಲಿ ಆಗುವ ಸಣ್ಣ ಬದಲಾವಣೆ ನೋಡಿ ಕೆಲಸ ಮಾಡುವ ಗಾಜು ಇದು. ನೀರು ಬಿದ್ದರೆ ಅದಕ್ಕೂ ಗಲಿಬಿಲಿ. ಮಲೆನಾಡಲ್ಲಿ ಕೂತು ಯಾರೂ ಇದನ್ನು ಮಾಡಿರಲಿಕ್ಕಿಲ್ಲ ಬಿಡಿ.

ತೆಳ್ಳಗಿನ ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಮೇಲಿಂದಲೇ ಒತ್ತಿ ಅಂದರು ಕಂಡಕ್ಟರ್. ನಿಜ, ಕೆಲಸ ಮಾಡುತ್ತೆ.

ಹಳೇದು ನೋಕಿಯಾ 1100. 2003ರಲ್ಲಿ ಬಂದ ಮಾಡೆಲ್, ತಲೆಯಲ್ಲೊಂದು ಟಾರ್ಚ್. ಅದರ 5ರ ಗುಂಡಿ ಮೇಲೆ ಸಾಸಿವೆ ಕಾಳಿನಷ್ಟು ಉಬ್ಬು ಇತ್ತು ನೋಡಿ. ಹೆಬ್ಬೆರಳು ಅಲ್ಲಿಟ್ಟರೆ ಸಾಕು, ಮಿಕ್ಕ ಗುಂಡಿಗಳು ಕತ್ತಲಲ್ಲೂ ಸಿಗುತ್ತಿದ್ದವು. ಕರೆಂಟ್ ಹೋದ ರಾತ್ರಿ ಕಂಬಳಿಯೊಳಗೆ ಕೈ ಇಟ್ಟುಕೊಂಡೇ ಮೆಸೇಜ್ ಬರೆಯುತ್ತಿದ್ದೆ. ಈ ಗಾಜಿನ ಮೇಲೆ ಬೆರಳಿಗೆ ದಿಕ್ಕೇ ಗೊತ್ತಾಗಲ್ಲ. ಎಲ್ಲಾ ಕಡೆ ಒಂದೇ ನುಣುಪು.

ಹಾಗಂತ ಸುಮ್ನೆ ಬೈಯೋದೂ ಸರಿಯಲ್ಲ. ಆಗೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದೆ. ಈಗ ಒತ್ತಕ್ಷರ ಸಮೇತ ಕನ್ನಡದಲ್ಲೇ ಬರೆಯಬಹುದು, ಅದೊಂದು ಖುಷಿ ಜಾಸ್ತಿ. ಕಷ್ಟಪಟ್ಟು ಅಷ್ಟುದ್ದ ಬರೆದು ಕಳಿಸಿದರೆ ತಂಗಿ ವಾಯ್ಸ್ ಮೆಸೇಜಲ್ಲಿ "ಹೂಂ" ಅಂತಾಳೆ!